ಗಂಡಸರು ಕೇಳಬಾರದ ರೆಕಾರ್ಡು

ಜನವರಿ ೧೪, ೧೯೮೬, ಮಂಗಳವಾರ

ಅಪ್ಪ ಹೋಗಿ ತಿಂಗಳ ಮೇಲಾಯಿತು. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕದ ಪಾಠ ಮುಗಿಸಿ ನೇರವಾಗಿ ಅವರ ರೆಕಾರ್ಡು ಸಂಸ್ಥೆ ಗಾನಿಕ್‌ಗೆ ಹೋಗಿ ಅವರ ಕುರ್ಚಿಯಲ್ಲಿ ಕೂತೆ. ಆಡಳಿತ ಮಂಡಳಿಯ ಹಿರಿಯರು ಕೋಟು ಬಿಚ್ಚದೆ ನನ್ನೆದುರು ಕೂತಿದ್ದರು. ಕೋಟು ಬಿಚ್ಚದೆ ಕೂರುವವರು ಒಳ್ಳೆಯ ಸುದ್ದಿ ತಂದಿರುವುದಿಲ್ಲ.

ಅಧ್ಯಕ್ಷ ಗ್ಲಾಂಟ್ಸ್, ಗುಂಡಿ ವ್ಯಾಪಾರ ಮಾಡಿ ನಿವೃತ್ತರಾದವರು, ಗಂಟಲು ಸರಿಮಾಡಿಕೊಂಡರು. "ಟೋಯ್ಬಾ, ನಿಮ್ಮಪ್ಪ ಇದ್ದಷ್ಟು ದಿನ ಗಾನಿಕ್ ಇತ್ತು. ಈಗ ಟೇಪುಗಳನ್ನೆಲ್ಲ ಒಂದು ಲೈಬ್ರರಿಗೆ ಕೊಟ್ಟು ಬೀಗ ಹಾಕೋಣ. ಮರ್ಯಾದೆಯಿಂದ ಮುಚ್ಚೋದೂ ಒಂದು ಕೆಲಸಾನೇ ಕಣಮ್ಮ."

"ಆ ಕೆಲಸ ನನಗೆ ಬರಲ್ಲ. ಬೇರೆ ಏನಾದ್ರೂ ಹೇಳಿ," ಎಂದೆ.

ಬಹಳ ಎಳೆದಾಡಿದ ಮೇಲೆ ಏಪ್ರಿಲ್ ಕೊನೆಯ ಪಸ್ಕ ಹಬ್ಬದವರೆಗೆ ಗಡುವು ಕೊಟ್ಟರು. ಅಷ್ಟರೊಳಗೆ ಒಂದು ಹೊಸ ರೆಕಾರ್ಡು ಸಿದ್ಧಮಾಡಿ ತೋರಿಸಬೇಕು, ಅದೂ ಗಾನಿಕ್‌ನ ಹೆಸರಿಗೆ ತಕ್ಕದ್ದು. ಇಲ್ಲದಿದ್ದರೆ ಬೀಗ.

ಗಾನಿಕ್ ಎಂದರೆ ಯೆಹೂದಿಗಳಾದ ನಮ್ಮ ಯಿಡ್ಡಿಷ್‌ನಲ್ಲಿ ಜಗಲಿ. ೧೯೫೪ರಲ್ಲಿ ಬ್ರೂಕ್ಲಿನ್‌ನ ಈ ಒಳಉಡುಪಿನ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಅಪ್ಪ ಇದನ್ನು ಶುರುಮಾಡಿದರು. ಯುರೋಪಿನ ಮಹಾಯುದ್ಧದಲ್ಲಿ ಬದುಕಿ ಉಳಿದು ಬಂದವರು ಈ ಬೀದಿಗಳ ಜಗಲಿಗಳಲ್ಲಿ ಕೂತು ತಮ್ಮ ಸುಟ್ಟುಹೋದ ಊರುಗಳ ಹಾಡು ಹಾಡುತ್ತಿದ್ದರು. ಅವರು ಸಾಯುವ ಮೊದಲು ಹಿಡಿದಿಡಬೇಕು ಎಂಬುದೊಂದೇ ಅಪ್ಪನ ಹಟ. ದೊಡ್ಡ ಕಂಪನಿಗಳು ಇದೆಲ್ಲ ಮಾರಾಟವಾಗುವುದಿಲ್ಲ ಎಂದವು. ಸರಿ, ಲಾಭವೇ ಬೇಡ ಎಂದು ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿದರು. "ನಮಗೆ ಲಾಭ ಬರಲ್ಲ ಅಂತ ಸರ್ಕಾರಕ್ಕೆ ನಂಬಿಸೋದು ಏನೂ ಕಷ್ಟ ಆಗ್ಲಿಲ್ಲ" ಎಂದು ನಗುತ್ತಿದ್ದರು.

ಮೊದಲ ರೆಕಾರ್ಡು ದರ್ಜಿಗಳ ಮೇಳದ್ದು. ಹೊದಿಕೆಯ ಮೇಲಿನ ಯಿಡ್ಡಿಷನ್ನು ನಾವು ಬಲದಿಂದ ಓದುತ್ತೇವೆ, ಮುದ್ರಣಾಲಯದವನು ಎಡದಿಂದ ಓದಿದ. ಹೀಗಾಗಿ ಎರಡನೇ ಬದಿ ಮೊದಲನೆಯದಾಯಿತು. ಹಾಡುಗಳ ಕಥೆಯಲ್ಲಿ ಹುಡುಗಿ ಮೊದಲು ಹೆತ್ತು, ಆಮೇಲೆ ಮದುವೆಯಾಗಿ, ಕೊನೆಗೆ ಹುಡುಗನ ಪರಿಚಯ ಮಾಡಿಕೊಂಡಳು. ನಮ್ಮ ಧರ್ಮಗುರುಗಳಾದ ರಬ್ಬಿಗಳಿಂದ ಬೈಗುಳ ಬಂತು. ಅಷ್ಟು ಚೆನ್ನಾಗಿ ಮಾರಾಟವಾದ ರೆಕಾರ್ಡು ಗಾನಿಕ್‌ನಲ್ಲಿ ಮತ್ತೆ ಬಂದಿಲ್ಲ.

ಇನ್ನೊಂದು ವಿಷಯವನ್ನೂ ಬರೆದಿಡಬೇಕು. ತಂದೆತಾಯಿ ಸತ್ತರೆ ನಮ್ಮಲ್ಲಿ ಹನ್ನೆರಡು ತಿಂಗಳು ಸಂಗೀತ ಕೇಳಬಾರದು. ನಾನು ವಾಹನ ಹತ್ತಬಾರದ ಶನಿವಾರವೂ ಬಸ್ಸು ಹತ್ತುವವಳು, ಅಂಥ ಮಡಿವಂತಳೇನಲ್ಲ. ಆದರೆ ಇದನ್ನು ಪಾಲಿಸುತ್ತೇನೆ. ಮಗನಿದ್ದರೆ ದಿನವೂ ಸಿನಗಾಗ್‌ಗೆ ಹೋಗಿ ಅಪ್ಪನಿಗಾಗಿ ಕಡ್ಡಿಶ್ ಪ್ರಾರ್ಥನೆ ಹೇಳುತ್ತಿದ್ದ. ನಾನು ಒಬ್ಬಳೇ ಮಗಳು. ಹೇಳಲು ಹೋದ ದಿನ ಪರದೆಯ ಆಚೆ ಗಂಡಸರ ಕಡೆ ಯಾರೋ ಕೆಮ್ಮಿದರು. ನಾನು ನಿಲ್ಲಿಸುವವರೆಗೂ ಕೆಮ್ಮುತ್ತಲೇ ಇದ್ದರು. ಹೀಗಾಗಿ ಅಪ್ಪನ ಲೆಕ್ಕದಲ್ಲಿ ನನ್ನ ಪಾಲಿಗೆ ಉಳಿದಿರುವುದು ಈ ನಿಷೇಧ ಒಂದೇ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಬೆರ್ನಿ ಮಾಮ ಅಪ್ಪನ ಗೆಳೆಯ, ಗಾನಿಕ್‌ನ ಪ್ರತಿಯೊಂದು ರೆಕಾರ್ಡಿನ ಧ್ವನಿಮುದ್ರಣ ಮಾಡಿದವರು. ಅವರು ತಲೆ ಚಚ್ಚಿಕೊಂಡರು. "ರೆಕಾರ್ಡ್ ಕಂಪನಿ ನಡೆಸೋಳು ಹಾಡು ಕೇಳಲ್ವಂತೆ. ಮೀನಂಗಡಿ ಇಟ್ಟೋಳು ಮೂಗು ಮುಚ್ಕೊಂಡ ಹಾಗಾಯ್ತು."

ಅಪ್ಪನಿಗಾಗಿ ಅತ್ತೆಯಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಕೆಲಸವಿದೆ.

ಜನವರಿ ೨೯, ಬುಧವಾರ

ಬರೋ ಪಾರ್ಕ್ ಬಡಾವಣೆಯಿಂದ ಗಿಟ್ಟಿ ಫೋನು ಮಾಡಿದ್ದಳು. ಬ್ರಾಯ್ನಾ ಹೆರ್ಷ್ಕೊವಿಚ್ ಅವರ ಸೊಸೆ. ಕೇಳುತ್ತಿದ್ದಂತೆ ಎದ್ದು ನಿಂತೆ.

ಬ್ರಾಯ್ನಾ ಅವರನ್ನು ಊರೆಲ್ಲ ಮುಮೆ ಎನ್ನುತ್ತದೆ, ಚಿಕ್ಕಮ್ಮ. ಕಾರ್ಪೇಥಿಯನ್ ಬೆಟ್ಟಗಳ ಅವರ ಊರಿನಲ್ಲಿ ಹೆಂಗಸರು ಹೆಂಗಸರಿಗಾಗಿ ಹಾಡುತ್ತಿದ್ದ ಹಾಡುಗಳು ಈಗ ಅವರೊಬ್ಬರ ಬಾಯಲ್ಲಿ ಮಾತ್ರ ಉಳಿದಿವೆ. ಅಪ್ಪ ವರ್ಷಗಟ್ಟಲೆ ಅವರ ಬೆನ್ನು ಬಿದ್ದಿದ್ದರು. ಪರಪುರುಷನ ಕಿವಿಗೆ ಹೆಣ್ಣಿನ ಹಾಡು ಬೀಳಬಾರದು ಎನ್ನುವ ಮನೆತನ ಅದು. ಅಪ್ಪ ಗಂಡಸು. ಅಲ್ಲಿಗೆ ಮುಗಿಯಿತು.

ಈಗ ಮುಮೆಯ ಗಂಟಲಲ್ಲಿ ಗಡ್ಡೆಯಾಗಿದೆ. ಹಬ್ಬ ಕಳೆದ ಮೇಲೆ ಆಪರೇಷನ್. ಜೀವಕ್ಕೆ ಭಯವಿಲ್ಲವಂತೆ, ದನಿ ಉಳಿಯುವುದು ಕಷ್ಟವಂತೆ.

"ಅತ್ತೆ ಹಾಡ್ತಾರಂತೆ," ಎಂದಳು ಗಿಟ್ಟಿ. "ಆದ್ರೆ ಕೋಣೆಯಲ್ಲಿ ಗಂಡಸು ಇರಬಾರದು. ಪಕ್ಕದ ಕೋಣೆಯಲ್ಲೂ ಬೇಡ, ಮೆಟ್ಟಿಲ ಮೇಲೂ ಬೇಡ. ಆಮೇಲೆ ರೆಕಾರ್ಡನ್ನೂ ಗಂಡಸರು ಕೇಳಬಾರದು. ಅದರ ಮೇಲೆ ಹಾಗಂತ ಅಚ್ಚು ಹಾಕ್ಬೇಕು."

ಒಪ್ಪಿಕೊಂಡೆ. ಒಪ್ಪಿದ ಮೇಲೆ ಯೋಚಿಸಿದೆ. ಧ್ವನಿಮುದ್ರಣ ಮಾಡುವ ಬೆರ್ನಿ ಮಾಮ ಗಂಡಸು. ನಾನು ಹೆಂಗಸು, ಆದರೆ ನನಗೆ ಹಾಡು ನಿಷಿದ್ಧ.

ಫೆಬ್ರವರಿ ೩, ಸೋಮವಾರ

ಮ್ಯಾನ್‌ಹ್ಯಾಟನ್‌ನಿಂದ ಧ್ವನಿಮುದ್ರಣ ಕಲಿತ ಹುಡುಗಿಯೊಬ್ಬಳನ್ನು ನಿನ್ನೆ ಕಳಿಸಿದ್ದೆ. ಮುಮೆ ಬಾಗಿಲಲ್ಲೇ ವಾಪಸ್ ಕಳಿಸಿದರು. ಪ್ಯಾಂಟು ಹಾಕಿದ್ದಳಂತೆ. ಫೋನು ಮಾಡಿ ಕೇಳಿದೆ: ಲಂಗ ಹಾಕಿಸಿ ಕಳಿಸಲೇ?

"ಲಂಗ ಹಾಕಿದ್ರೂ ಅವಳು ಯಾರೋ. ನಾನು ಯಂತ್ರಕ್ಕೆ ಹಾಡೋದಿಲ್ಲ, ಮುಖಕ್ಕೆ ಹಾಡ್ತೀನಿ. ನೀನು ಝೇಲಿಗ್‌ನ ಮಗಳಲ್ವಾ? ಅವನು ಕೇಳಿ ಕೇಳಿ ಸತ್ತ. ನೀನೇ ಬಾ."

"ನಿಮ್ಮ ಸೊಸೆ ಯಂತ್ರ ನೋಡ್ಕೊಂಡ್ರೆ?"

"ಸೊಸೆ ಎದುರಿಗೆ ಕೂತು ಹಾಡಿದ ಅತ್ತೆ ಯಾವ ಊರಲ್ಲಿದ್ದಾಳೆ, ತೋರಿಸು."

ಫೆಬ್ರವರಿ ೫, ಬುಧವಾರ

ರಬ್ಬಿಯ ಹತ್ತಿರ ಹೋಗಿದ್ದೆ. ಒಳ್ಳೆಯ ಮನುಷ್ಯ, ಕೆಮ್ಮಿದ್ದು ಅವರಲ್ಲ.

"ಸಂಗೀತವೇ ಹೊಟ್ಟೆಪಾಡು ಅಂತಾದ್ರೆ ಶೋಕದ ವರ್ಷದಲ್ಲೂ ಕೇಳಬಹುದು," ಎಂದರು. "ಮದುವೇಲಿ ಪಿಟೀಲು ನುಡಿಸೋನು ವರ್ಷವಿಡೀ ಉಪವಾಸ ಇರೋಕಾಗುತ್ತಾ? ನಿನಗೆ ಗಾನಿಕ್‌ನಲ್ಲಿ ಸಂಬಳ ಎಷ್ಟು?"

"ಇಲ್ಲ."

"ಅಪ್ಪನಿಗೆ ಎಷ್ಟಿತ್ತು?"

"ಅವರಿಗೂ ಇರಲಿಲ್ಲ. ಅದು ಲಾಭರಹಿತ ಸಂಸ್ಥೆ."

"ಲಾಭ ಬೇಡಮ್ಮ. ನಾನು ಕೇಳಿದ್ದು ಸಂಬಳ."

"ಅದೂ ಇಲ್ಲ."

ರಬ್ಬಿ ಗಡ್ಡ ನೀವಿಕೊಂಡರು. "ಹಾಗಾದ್ರೆ ಅದು ಹೊಟ್ಟೆಪಾಡಲ್ಲ, ಹುಚ್ಚು. ಹುಚ್ಚಿಗೆ ವಿನಾಯಿತಿ ಇಲ್ಲ." ಆಮೇಲೆ ದನಿ ತಗ್ಗಿಸಿದರು. "ಒಂದು ಡಾಲರ್ ಸಂಬಳ ತಗೋ. ಸಾಕು. ಆಗ ಅದು ಕಸುಬು ಆಗುತ್ತೆ, ನೀನು ಕೇಳಬಹುದು."

ಬೇರೆಯವರಾಗಿದ್ದರೆ ಕುಣಿದಾಡಿ ಬರುತ್ತಿದ್ದರು. ನನಗೆ ಸಿಟ್ಟು ಬಂತು. ಅಪ್ಪ ರಾತ್ರಿ ಪಾಳಿಯಲ್ಲಿ ಪತ್ರಿಕೆಗೆ ಅಚ್ಚಿನ ಮೊಳೆ ಜೋಡಿಸಿ ಮನೆ ನಡೆಸಿದರು. ಗಾನಿಕ್‌ನಿಂದ ಒಂದು ಟ್ರಾಮ್ ಟಿಕೆಟ್ಟಿನ ಹಣವನ್ನೂ ತೆಗೆದವರಲ್ಲ. ಅವರಿಗಾಗಿ ಶೋಕ ಮಾಡುವುದನ್ನು ತಪ್ಪಿಸಿಕೊಳ್ಳಲು ಅವರ ಸಂಸ್ಥೆಯಿಂದ ಮೊದಲ ಸಂಬಳ ನಾನು ತೆಗೆದುಕೊಳ್ಳಬೇಕೇ?

ಬೇಡ. ಕೇಳದೆಯೇ ಮುದ್ರಿಸುತ್ತೇನೆ. ಕಿವಿ ಮುಚ್ಚಿದರೂ ಕಣ್ಣಿದೆಯಲ್ಲ.

ಫೆಬ್ರವರಿ ೯, ಭಾನುವಾರ

ಬೆರ್ನಿ ಮಾಮನ ಪಾಠ ಮುಗಿಯಿತು. ಯಂತ್ರದ ಮೇಲೆ ಒಂದು ಮುಳ್ಳಿದೆ. ದನಿ ಏರಿದಂತೆ ಏರುತ್ತದೆ. ಕೆಂಪಿನ ಗೆರೆ ದಾಟಿದರೆ ದನಿ ಒಡೆಯಿತು ಎಂದು ಅರ್ಥ, ದಾಟಬಾರದು. ತೀರ ಕೆಳಗೆ ಮಲಗಿದ್ದರೆ ದನಿ ಸಾಲದು. ಮುಮೆಯ ಬಾಯಿಯಿಂದ ಮೈಕು ಒಂದು ಗೇಣು ದೂರ ಇರಬೇಕು. ಫ್ರಿಜ್ಜಿನ ತಂತಿ ಕೀಳಬೇಕು. ನನಗೆ ರಸ್ತೆ ಅಗೆಯುವವರು ಹಾಕಿಕೊಳ್ಳುವ ದಪ್ಪನೆಯ ಕಿವಿಮುಚ್ಚಳ ತಂದುಕೊಟ್ಟರು.

"ಮೂವತ್ತು ವರ್ಷ ಈ ಕೆಲಸ ಮಾಡಿದೀನಿ," ಎಂದರು. "ಕಿವುಡರಿಗೆ ಕಲಿಸಿದ್ದು ಇದೇ ಮೊದಲು. ನಿಮ್ಮಪ್ಪ ಇದ್ದಿದ್ರೆ ನಗ್ತಿದ್ದ."

"ಅಪ್ಪ ಇದ್ದಿದ್ರೆ ಇದು ಬೇಕೇ ಇರಲಿಲ್ಲ," ಎಂದೆ. ಅವರು ತಂತಿ ಸುತ್ತುತ್ತ ಆ ಕಡೆ ತಿರುಗಿದರು. ಅಪ್ಪನ ಜೊತೆ ಈ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದವರಿಗೆ ನಾನು ಹಾಗೆ ಹೇಳಬಾರದಿತ್ತು. ಹೇಳಿಯಾಯಿತು.

ಫೆಬ್ರವರಿ ೧೬, ಭಾನುವಾರ

ಮುಮೆಯ ಅಡುಗೆಮನೆ. ಗಂಡಸರನ್ನೆಲ್ಲ ಹೊರಗೆ ಅಟ್ಟಿದ್ದರು. ನನ್ನ ಕಿವಿಮುಚ್ಚಳ ನೋಡಿ ಮುಮೆ ಸೊಂಟದ ಮೇಲೆ ಕೈಯಿಟ್ಟರು.

"ಏನೇ ಅದು ತಲೆ ಮೇಲೆ? ಇಲ್ಲಿ ವಿಮಾನ ಇಳಿಸ್ತೀಯಾ?"

ನಿಷೇಧದ ವಿಷಯ ಹೇಳಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. "ಹೂಂ," ಎಂದರು. "ಕೂತ್ಕೋ."

ಮುಚ್ಚಳ ಹಾಕಿಕೊಂಡು ಗುಂಡಿ ಒತ್ತಿದೆ. ಮುಳ್ಳು ಎದ್ದಿತು, ಆಡಿತು, ಕೆಂಪಿನ ಹತ್ತಿರ ಹೋಗಿ ವಾಪಸ್ಸು ಬಂತು. ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಎರಡು ಟೇಪು ತುಂಬಿತು, ಒಮ್ಮೆಯೂ ಗೆರೆ ದಾಟಲಿಲ್ಲ. ನನಗೆ ಹೆಮ್ಮೆಯೆನಿಸಿತು. ಬರುವಾಗ ಮುಮೆ ತುರಿದ ಆಲೂಗಡ್ಡೆಯ ಕುಗೆಲ್ ಕಟ್ಟಿಕೊಟ್ಟರು.

ಮಾರ್ಚ್ ೨, ಭಾನುವಾರ

ಮೂರನೇ ಭಾನುವಾರವೂ ಆಯಿತು. ಮುಳ್ಳು ಈಗ ನನ್ನ ಮಾತು ಕೇಳುತ್ತದೆ. ಶೆಲ್ಫಿನಲ್ಲಿ ಟೇಪುಗಳ ಸಾಲು. ನಾನು ಕೇಳುವಂತಿಲ್ಲ, ಬೆರ್ನಿ ಮಾಮ ಕೇಳುವಂತಿಲ್ಲ, ಇಬ್ಬರೂ ಅದರ ಎದುರು ನಿಂತು ತಲೆದೂಗಿದೆವು. ಗಿಟ್ಟಿಯ ಮನೆಗೆ ಒಂದು ಟೇಪ್ ಪ್ಲೇಯರ್ ಕಳಿಸಿದ್ದೇವೆ. ಗಂಡ ಇಲ್ಲದ ಹೊತ್ತಿನಲ್ಲಿ ಅವಳು ಕೇಳಿ ಹೇಳುತ್ತಾಳೆ.

ಮಾರ್ಚ್ ೧೦, ಸೋಮವಾರ

ಗಿಟ್ಟಿ ಫೋನು ಮಾಡಿದಳು. ಮೊದಲು ಚೆನ್ನಾಗಿದ್ದೀಯಾ ಎಂದಳು. ಮಕ್ಕಳ ಕೆಮ್ಮಿನ ಬಗ್ಗೆ ಹೇಳಿದಳು. ಆಮೇಲೆ ಹೇಳಿದಳು:

"ಟೋಯ್ಬಾ, ಇದರಲ್ಲಿ ಹಾಡೇ ಇಲ್ಲ."

"ಟೇಪು ಖಾಲೀನಾ?"

"ಖಾಲಿ ಅಲ್ಲ. ಅತ್ತೆ ಮಾತಾಡಿದ್ದಾರೆ. ಮೂರು ಭಾನುವಾರಾನೂ ಬರೀ ಮಾತು. ಕುಗೆಲ್‌ಗೆ ಎಷ್ಟು ಮೊಟ್ಟೆ, ಪಕ್ಕದ ಮನೆಯವಳ ಜಗಳ, ಅವರೂರಿನ ಕೆಸರು..."

ನಾನು ಫೋನು ಇಟ್ಟುಬಿಟ್ಟೆ. ಮುಳ್ಳು ಹಾಡಿಗೂ ಆಡುತ್ತದೆ, ಮೊಟ್ಟೆಯ ಲೆಕ್ಕಕ್ಕೂ ಆಡುತ್ತದೆ. ಮಕ್ಕಳಿಗೆ ಲೆಕ್ಕ ಕಲಿಸುವವಳಿಗೆ ಇಷ್ಟು ಹೊಳೆಯಲಿಲ್ಲ.

ಹಬ್ಬ ಹತ್ತಿರ ಬರುತ್ತಿದೆ.

ಮಾರ್ಚ್ ೧೧, ಮಂಗಳವಾರ

ಮಾತು ಕೇಳುವುದಕ್ಕೆ ನನಗೇನೂ ನಿಷೇಧವಿಲ್ಲ. ಟೇಪುಗಳನ್ನು ತರಿಸಿಕೊಂಡು ಹಲ್ಲು ಕಚ್ಚಿಕೊಂಡು ಕೇಳಿದೆ. ನಿಜವೇ, ಮೊಟ್ಟೆ, ಜಗಳ, ಕೆಸರು. ನಡುವೆ ಒಂದು ಕಡೆ ಹೀಗಿತ್ತು. ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳುತ್ತೇನೆ.

"ಒಂದು ಬೇಸಿಗೇಲಿ ಕಿಟಕಿ ತೆಗೆದಿಟ್ಟು ಮೊಮ್ಮಗಳನ್ನ ಮಲಗಿಸ್ತಾ ಹಾಡ್ತಿದ್ದೆ. ನೋಡ್ತೀನಿ, ಎದುರಿನ ಫುಟ್‌ಪಾತಲ್ಲಿ ನಿಮ್ಮಪ್ಪ. ಈ ಬೀದೀಲಿ ಯಾವುದೋ ಕೆಲಸಕ್ಕೆ ಬಂದಿದ್ದ ಅಂತ ಕಾಣುತ್ತೆ. ನನ್ನ ದನಿ ಕಿವಿಗೆ ಬಿದ್ದಿದ್ದೇ ತಡ, ಏನು ಮಾಡಿದ ಗೊತ್ತಾ? ಎರಡೂ ಕಿವಿಗೆ ಬೆರಳಿಟ್ಕೊಂಡ. ಅಷ್ಟು ವರ್ಷ ಬೇಡಿದ ಹಾಡು, ಪುಕ್ಕಟೆ ಸಿಕ್ತಿತ್ತು, ಕೇಳ್ಲಿಲ್ಲ. ನಾನು ಒಪ್ಪಿ ಕೊಟ್ಟದ್ದಲ್ಲ ಅಂತ. ಬೆರಳಿಟ್ಕೊಂಡೇ ಓಡ್ದ, ಟೋಪಿ ಬಿದ್ದೋಯ್ತು. ಈಗ ನೀನು ಹಂಗೇ ಕೂತಿದೀಯ. ಅಪ್ಪ ಓಡ್ದ, ಮಗಳು ಕೂತಿದಾಳೆ, ಇಬ್ಬರಿಗೂ ಕಿವಿ ಇಲ್ಲ. ನಾನು ಯಾರಿಗೆ ಹಾಡ್ಲಿ?"

ಟೇಪು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದೆ. ಅಪ್ಪ ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ.

ಮಾರ್ಚ್ ೧೩, ಗುರುವಾರ

ಹೋಗುವುದಿಲ್ಲ. ಕೇಳುವವಳನ್ನು ಕೂರಿಸಿಕೊಂಡು ಮೊಟ್ಟೆಯ ಲೆಕ್ಕ ಹೇಳುವ ಮುದುಕಿಯ ಹತ್ತಿರ ಇನ್ನು ಹೋಗುವುದಿಲ್ಲ.

ಮಾರ್ಚ್ ೧೪, ಶುಕ್ರವಾರ

ಹೋಗುತ್ತೇನೆ.

ಮಾರ್ಚ್ ೧೬, ಭಾನುವಾರ

ಹೋದವಳೇ ಜಗಳಕ್ಕೆ ನಿಂತೆ. "ಮುಮೆ, ನನಗೆ ಮೋಸ ಮಾಡಿದ್ರಿ."

"ನೀನು ಯಂತ್ರದ ಮುಳ್ಳು ನೋಡ್ತಾ ಕೂತಿದ್ದೆ. ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಹಾಡೋಳ ಬಾಯಿ ಬೇರೆ, ಹರಟೆ ಹೊಡೆಯೋಳ ಬಾಯಿ ಬೇರೆ."

"ನಾನು ಕೇಳೋ ಹಾಗಿಲ್ಲ, ನಿಮಗೆ ಗೊತ್ತು. ಗಂಡಸರು ಬರೋ ಹಾಗಿಲ್ಲ, ಅದು ನೀವೇ ಹೇಳಿದ್ದು. ಹಬ್ಬ ಆದ್ಮೇಲೆ ನಿಮಗೆ ದನಿ ಇರಲ್ಲ. ಏನು ಮಾಡ್ಬೇಕು ನಾನು, ನೀವೇ ಹೇಳಿ."

ಮುಮೆ ಕುರ್ಚಿ ಎಳೆದು ಅಡುಗೆಮನೆಯ ನಡುವೆ ಇಟ್ಟರು. "ಇದರ ಮೇಲೆ ಕೂತ್ಕೋ. ಶೋಕದಲ್ಲಿರೋಳು ಹಾಡು ಕೇಳಬಾರದು, ಸರಿ. ಅಳು ಕೇಳಬಹುದಾ?"

"ಅಳು ಯಾರು ಬೇಡ ಅಂತಾರೆ?"

"ಕಾಲೆ ಬವೇನೆನ್ ಅಂದ್ರೆ ಏನು?"

ಮದುವೆಯ ದಿನ ಮಂಟಪಕ್ಕೆ ಹೋಗುವ ಮೊದಲು ಮದುಮಗಳನ್ನು ಹೆಂಗಸರ ನಡುವೆ ಕೂರಿಸಿ ಹೇಳುವುದು. "ಮದುಮಗಳನ್ನ ಅಳಿಸೋದು," ಎಂದೆ.

"ಹಾಡೋದು ಅಂತಾರಾ, ಅಳಿಸೋದು ಅಂತಾರಾ?"

"ಅಳಿಸೋದು."

"ಮುಗೀತಲ್ಲ. ನಮ್ಮಜ್ಜಿ ಯಾವತ್ತೂ ಅದನ್ನ ಹಾಡು ಅಂದೋಳಲ್ಲ. ನಾನು ಹಾಡ್ತಿಲ್ಲ, ನಿನ್ನನ್ನ ಅಳಿಸ್ತಿದೀನಿ. ತೆಗಿ ಆ ಮುಚ್ಚಳ."

"ನನಗೆ ನಲವತ್ತನಾಲ್ಕು ವರ್ಷ ಮುಮೆ, ಮದುವೇನೂ ಆಗಿಲ್ಲ. ನಾನೆಂಥ ಮದುಮಗಳು?"

"ಅಪ್ಪ ಇಲ್ಲದ ಮದುಮಗಳಿಗೆ ಅಂತಾನೇ ಒಂದಿದೆ. ಸತ್ತ ಅಪ್ಪನನ್ನ ಮದುವೆಗೆ ಕರೆಯೋದು. ಮದುವೆ ಇರಲಿ ಬಿಡ್ಲಿ, ಅಪ್ಪನನ್ನ ಕರೀಬೇಕೋ ಬೇಡ್ವೋ?"

ಮುಚ್ಚಳ ತೆಗೆದೆ. ಗುಂಡಿ ಒತ್ತಿದೆ.

ಅವರ ದನಿ ಸಣ್ಣದು, ಸ್ವಲ್ಪ ಒಡಕು, ಗಡ್ಡೆಯಿಂದಲೋ ವಯಸ್ಸಿನಿಂದಲೋ. ಬಾಗಿಲು ತೆಗೆಯಿರಿ, ದಾರಿಗೆ ಮರಳು ಹರಡಿರಿ, ಮಗಳ ಮದುವೆಗೆ ಅಪ್ಪ ದೂರದಿಂದ ನಡೆದು ಬರುತ್ತಿದ್ದಾನೆ ಎಂದು ಶುರುವಾಗುತ್ತದೆ. ಒಂದೊಂದು ಸಾಲಿನ ಕೊನೆಗೆ ಸತ್ತವರ ಹೆಸರಿಗೆಂದು ಜಾಗ ಬಿಟ್ಟಿರುತ್ತದೆ. ಆ ಜಾಗದಲ್ಲಿ ಮುಮೆ ನನ್ನ ಕಣ್ಣನ್ನೇ ನೋಡುತ್ತ "ಝೇಲಿಗ್" ಎಂದರು.

ಅತ್ತುಬಿಟ್ಟೆ. ಬಿಕ್ಕಿ ಬಿಕ್ಕಿ, ಬಾಯಿಬಿಟ್ಟು. ಅಪ್ಪ ಇಲ್ಲ ಎನ್ನುವುದು ಇಷ್ಟು ದಿನ ನನಗೆ ಗೊತ್ತಿತ್ತು, ಇವತ್ತು ಆಗಿಹೋಯಿತು. ಆದರೂ ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ, ಟೇಪು ನಿಲ್ಲಿಸಲಿಲ್ಲ. ಅಷ್ಟು ಹೊತ್ತು ಮುಳ್ಳಿನ ಕಡೆ ನೋಡಲು ಮಾತ್ರ ಆಗಲಿಲ್ಲ.

ಮುಗಿದ ಮೇಲೆ ಮುಮೆ ಸೆರಗಿನಂತೆ ಇಳಿಬಿಟ್ಟ ತಮ್ಮ ತಲೆವಸ್ತ್ರದ ತುದಿಯಿಂದ ನನ್ನ ಮೂಗು ಒರೆಸಿ, "ಈಗ ಎರಡನೇದು," ಎಂದರು.

ಮಾರ್ಚ್ ೨೫, ಮಂಗಳವಾರ, ಪೂರಿಮ್ ಹಬ್ಬ

ಶಾಲೆಗೆ ರಜೆ ಹಾಕಿ ಮತ್ತೆ ಹೋಗಿದ್ದೆ. ಪ್ರತಿಯೊಂದಕ್ಕೂ ನಾನು ತಕರಾರು ತೆಗೆಯುವುದು, ಮುಮೆ ಅದನ್ನು ಕತ್ತರಿಸುವುದು. ರಬ್ಬಿಗಳ ಮನೆಯಲ್ಲಿ ಹುಟ್ಟಬೇಕಿದ್ದವರು.

"ಇದು ಜೋಗುಳ, ಮುಮೆ. ಇದು ಹಾಡೇ."

"ಮಗು ಅಳ್ತಿದೆ, ಅದಕ್ಕೇ ಜೋಗುಳ. ಅಳು ಇಲ್ಲದಿದ್ರೆ ಜೋಗುಳ ಯಾಕೆ ಬೇಕು?"

"ಬಟ್ಟೆ ಒಗೆಯೋವಾಗಿನ ಹಾಡು?"

"ನಮ್ಮೂರ ಹೊಳೇಲಿ ಚಳಿಗಾಲದಲ್ಲಿ ಕೈ ಇಟ್ಟು ನೋಡು. ಅಳ್ತೀಯೋ ಇಲ್ವೋ."

"ಇದು ಪೂರಿಮ್‌ನ ಹಾಸ್ಯದ ಹಾಡು. ಇದಕ್ಕೇನಂತೀರ?"

"ನಕ್ಕು ನಕ್ಕು ಕಣ್ಣಲ್ಲಿ ನೀರು ಬರುತ್ತೆ. ನೀರು ನೀರೇ. ಒತ್ತು ಗುಂಡಿ."

ರಬ್ಬಿ ಇದನ್ನು ಒಪ್ಪುತ್ತಿದ್ದರೋ ಇಲ್ಲವೋ ತಿಳಿಯದು. ನಾನಂತೂ ಕೇಳಲು ಹೋಗುವುದಿಲ್ಲ. ನಿಷೇಧ ಪಾಲಿಸುತ್ತಿದ್ದೇನೆ. ಮನೆಯಲ್ಲಿ ರೇಡಿಯೋ ಕೂಡ ಹಾಕಿಲ್ಲ.

ಏಪ್ರಿಲ್ ೬, ಭಾನುವಾರ

ಗಿಟ್ಟಿ ಎಲ್ಲವನ್ನೂ ಕೇಳಿ ಮುಗಿಸಿದಳು. ನಾನು ಉಗುರು ಕಚ್ಚುತ್ತ ಅವಳೆದುರು ಕೂತಿದ್ದೆ.

"ತುಂಬ ಚೆನ್ನಾಗಿದೆ," ಎಂದಳು. "ಅತ್ತೆ ಇಂಥೋರು ಅಂತ ಹನ್ನೆರಡು ವರ್ಷ ಒಂದೇ ಮನೇಲಿದ್ದೂ ನನಗೆ ಗೊತ್ತಿರಲಿಲ್ಲ. ಒಂದು ಕೇಳ್ಬೇಕು. ಎರಡನೇ ದನಿ ಯಾರದ್ದು?"

"ಯಾವ ಎರಡನೇ ದನಿ?"

"ಅಪ್ಪನ್ನ ಕರೆಯೋದರಲ್ಲಿ. ಅರ್ಧ ಆದ್ಮೇಲೆ ಇನ್ನೊಬ್ಬರು ಸೇರ್ಕೋತಾರಲ್ಲ, ಅತ್ತೆಗಿಂತ ದಪ್ಪ ದನಿ. ಆಮೇಲೆ ಹೊಳೇದರಲ್ಲೂ, ಜೋಗುಳದಲ್ಲೂ."

"ಅದು ನಾನು ಅತ್ತದ್ದು. ಕತ್ತರಿಸಿಬಿಡ್ತೀನಿ."

"ಅಳು ಅಂತಿದ್ದೀಯ. ರಾಗದಲ್ಲಿದೆ, ಮಾತೂ ಇದೆ. ಎಲ್ಲೂ ತಪ್ಪಿಲ್ಲ."

ಮನೆಗೆ ಬಂದ ಮೇಲೂ ಒಪ್ಪಲು ಆಗುತ್ತಿಲ್ಲ. ನಾನು ಹಾಡಲಿಲ್ಲ. ಹಾಡಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?

ಬೆರ್ನಿ ಮಾಮನನ್ನು ಕೇಳಿದೆ, ಎರಡು ದನಿ ಒಂದೇ ಮೈಕಿಗೆ ಬಿದ್ದರೆ ಬೇರೆ ಮಾಡಬಹುದೇ ಎಂದು. "ಹಾಲಿಗೆ ಬಿದ್ದ ನೀರನ್ನ ಬೇರೆ ಮಾಡ್ಬಹುದಾ?" ಎಂದರು. ಹಾಗಾದರೆ ಇರಲಿ. ಮತ್ತೆ ಮುದ್ರಿಸಲು ಸಮಯವಿಲ್ಲ.

ಏಪ್ರಿಲ್ ೧೩, ಭಾನುವಾರ

ಮಂಡಳಿಯ ಸಭೆ ಗ್ಲಾಂಟ್ಸ್ ಅವರ ಮನೆಯಲ್ಲಿ ನಡೆಯಿತು. ಹಬ್ಬಕ್ಕೆ ಮನೆಯೆಲ್ಲ ತೊಳೆದು ಕುರ್ಚಿಗಳನ್ನು ಗೋಡೆಗೆ ಒತ್ತರಿಸಿದ್ದರು. ಮೇಜಿನ ಮೇಲೆ ಟೇಪು ಇಟ್ಟೆ. ಗ್ಲಾಂಟ್ಸ್ ಅದನ್ನು ತಿರುಗಿಸಿ ನೋಡಿದರು.

"ಹಾಕಮ್ಮ, ಕೇಳೋಣ."

"ನೀವು ಕೇಳೋ ಹಾಗಿಲ್ಲ. ಮಾತು ಕೊಟ್ಟಿದ್ದೀನಿ."

"ಕೇಳದೆ ಚೆನ್ನಾಗಿದೆ ಅಂತ ಹೇಗೆ ಒಪ್ಪೋದು?"

"ದೇವರು ಆಜ್ಞೆ ಕೊಟ್ಟಾಗ ಸೀನಾಯ್ ಬೆಟ್ಟದ ಕೆಳಗೆ ನಿಂತು ನಮ್ಮೋರು ಏನಂದ್ರು? ಮೊದಲು ಮಾಡ್ತೀವಿ, ಆಮೇಲೆ ಕೇಳ್ತೀವಿ ಅಂದ್ರು. ಹತ್ತು ಆಜ್ಞೆನೇ ಕೇಳದೆ ಒಪ್ಪಿದೀರಿ. ಒಂದು ರೆಕಾರ್ಡು ಒಪ್ಪೋಕೇನು?"

"ಅಲ್ಲಿ ಪ್ರವಾದಿ ಮೋಶೆ ಇದ್ದ. ಇಲ್ಲಿ ನೀನಿದ್ದೀಯ." ಮಂಡಳಿಯ ಉಳಿದಿಬ್ಬರು ನಕ್ಕರು. ಗ್ಲಾಂಟ್ಸ್ ಕೆಟ್ಟವರಲ್ಲ, ದಣಿದವರು. ಆ ದಣಿವೇ ಗಾನಿಕ್ ಅನ್ನು ಮುಚ್ಚಿಸುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಚಹಾ ತಂದ ಅವರ ಹೆಂಡತಿ ಎಸ್ಟೆಲ್ ಟೇಪನ್ನು ಎತ್ತಿಕೊಂಡರು. "ನಾನು ಕೇಳಬಹುದಲ್ಲ?"

ಪ್ಲೇಯರ್ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಗಂಡಸರು ಜೋರಾಗಿ ಹವಾಮಾನದ ಬಗ್ಗೆ ಮಾತಾಡಿದರು, ಏನೂ ಕಿವಿಗೆ ಬೀಳದಿರಲೆಂದು. ನಾನು ಆ ಬಾಗಿಲನ್ನೇ ನೋಡುತ್ತಿದ್ದೆ. ಚಹಾ ಆರಿತು. ಗ್ಲಾಂಟ್ಸ್ ಹವಾಮಾನವನ್ನು ಮುಗಿಸಿ ಮಂಡಿನೋವಿಗೆ ಬಂದರು, ಮಂಡಿನೋವೂ ಮುಗಿಯಿತು.

ಎಸ್ಟೆಲ್ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡು ಗಂಡನ ಹಿಂದೆ ಬಂದು ನಿಂತರು.

"ಮತ ಹಾಕೋದು ಹೇಗೆ, ಕೈ ಎತ್ತೋದಾ?"

"ಹೂಂ."

"ಎತ್ತಿ."

"ಏನಿದೆ ಅದರಲ್ಲಿ, ಎಸ್ಟೆಲ್?"

"ಏನಿದೆ ಅಂತ ನಿಮಗೆ ಹೇಳೋ ಹಾಗಿದ್ರೆ ರೆಕಾರ್ಡು ಯಾಕೆ ಬೇಕಿತ್ತು? ನಮ್ಮಮ್ಮನ ಅಡುಗೆಮನೆ ಇದೆ ಅದರಲ್ಲಿ. ಐವತ್ತು ವರ್ಷ ನಿಮ್ಮ ಗಂಡಸರ ಹಾಡು ಕೇಳಿದೀನಿ, ಒಂದು ಸಲಾನೂ ಹೀಗಾಗಿರಲಿಲ್ಲ. ಕೈ ಎತ್ತಿ ಅಂದೆ."

ಎತ್ತಿದರು. ಉಳಿದಿಬ್ಬರೂ ಎತ್ತಿದರು, ಅವರ ಮನೆಯಲ್ಲೂ ಹೆಂಡತಿಯರಿದ್ದಾರೆ. ಗಾನಿಕ್ ಉಳಿಯಿತು. ಬೀದಿಯ ಕೊನೆಯಲ್ಲಿ ಕಾಯುತ್ತಿದ್ದ ಬೆರ್ನಿ ಮಾಮನಿಗೆ ಹೇಳಿದಾಗ ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅವರು ಮುದ್ರಿಸದ, ಎಂದೂ ಕೇಳದ ಗಾನಿಕ್ ರೆಕಾರ್ಡು ಇದೊಂದೇ. ಅವರ ತೋಳು ಹಿಡಿದುಕೊಂಡು ನಡೆದೆ.

ಹೊದಿಕೆಯ ಮೇಲೆ "ಹೆಂಗಸರಿಗೆ ಮಾತ್ರ" ಎಂದು ದೊಡ್ಡದಾಗಿ ಇರುತ್ತದೆ. ಕೆಳಗೆ ಬ್ರಾಯ್ನಾ ಹೆರ್ಷ್ಕೊವಿಚ್. ಅದರ ಕೆಳಗೆ, ಗಿಟ್ಟಿ ಹಟ ಮಾಡಿದ್ದರಿಂದ, "ಮತ್ತು ಝೇಲಿಗ್‌ನ ಮಗಳು". ನನ್ನ ಹೆಸರು ಬೇಡ ಎಂದೆ.

ಏಪ್ರಿಲ್ ೨೩, ಬುಧವಾರ

ಇವತ್ತು ಪಸ್ಕ ಹಬ್ಬದ ಮೊದಲ ಊಟ. ಅಪ್ಪನ ಜಾಗದಲ್ಲಿ ಬೆರ್ನಿ ಮಾಮ ಕೂರುತ್ತಾರೆ. ಹಬ್ಬದ ಊಟದ ಖಾರದ ಮೂಲಂಗಿ ತುರಿಯುತ್ತ ಅತ್ತುಬಿಟ್ಟೆ. ಮೂಲಂಗಿಯ ಖಾರಕ್ಕಲ್ಲ.

ಮೇ ೮, ಗುರುವಾರ

ಆಪರೇಷನ್ ಆಯಿತು. ಗಡ್ಡೆ ತೆಗೆದರು. ದನಿ ಹೋಯಿತು. ಡಾಕ್ಟರು ಗಿಟ್ಟಿಗೆ ಖಚಿತವಾಗಿಯೇ ಹೇಳಿದ್ದಾರೆ, ಇನ್ನು ಬಂದರೆ ಪಿಸುಮಾತು ಮಾತ್ರ.

ಸಂಜೆ ಹೋದೆ. ಮುಮೆ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು ದಿಂಬಿಗೆ ಒರಗಿದ್ದರು. ಚಿಕ್ಕವರಾಗಿಬಿಟ್ಟಿದ್ದರು. ರೆಕಾರ್ಡು ಕಾರ್ಖಾನೆಯಲ್ಲಿದೆ, ತಿಂಗಳೊಳಗೆ ಬರುತ್ತದೆ ಎಂದೆ. ಅದನ್ನು ನೊಣ ಓಡಿಸಿದಂತೆ ಓಡಿಸಿದರು. ತಮ್ಮ ಗಂಟಲನ್ನು ಮುಟ್ಟಿ ತೋರಿಸಿದರು, ಆಮೇಲೆ ನನ್ನ ಬಾಯಿಯನ್ನು.

"ಇಲ್ಲಿ ಬೇಡ ಮುಮೆ. ಆಸ್ಪತ್ರೆ ಇದು."

ಬಾಗಿಲ ಕಡೆ ಕೈ ತೋರಿಸಿದರು. ಎದ್ದು ಮುಚ್ಚಿದೆ.

"ಪಸ್ಕ ಆದ ಮೇಲಿನ ವಾರಗಳಿವು, ಈಗ ಯಾರೂ ಹಾಡಬಾರದು. ಅದೂ ಅಲ್ಲದೆ ನನ್ನ ವರ್ಷ ಇನ್ನೂ ಮುಗಿದಿಲ್ಲ."

ಕಣ್ಣು ಮುಚ್ಚಿಕೊಂಡು ಕಾದರು. ಈ ಹೆಂಗಸಿನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ, ದನಿ ಇಲ್ಲದಿದ್ದರೂ.

ಅಪ್ಪನನ್ನು ಕರೆಯುವುದನ್ನು ಶುರುಮಾಡಿದೆ. ಮೊದಲ ಸಾಲಿಗೇ ಬೆರಳು ಎತ್ತಿದರು. ತಪ್ಪು. ಮತ್ತೆ ಶುರುಮಾಡಿದೆ. ಬೆರಳು. ನಾನು ಎಳೆದದ್ದು ಹೆಚ್ಚಾಯಿತು ಎಂದು ಹೊದಿಕೆಯ ಮೇಲೆ ಬೆರಳು ಎಳೆದು ತೋರಿಸಿದರು. ಶಾಲೆಯಲ್ಲಿ ನಾನೂ ಮಕ್ಕಳನ್ನು ಇಷ್ಟು ಗೋಳು ಹುಯ್ದುಕೊಂಡವಳಲ್ಲ. ಮತ್ತೆ ಹಾಡಿದೆ. ಹೌದು, ಹಾಡಿದೆ ಎಂದೇ ಬರೆಯುತ್ತೇನೆ. ಬಾಗಿಲು ತೆಗೆಯಿರಿ, ದಾರಿಗೆ ಮರಳು ಹರಡಿರಿ. ಈ ಸಲ ಬೆರಳು ಎದ್ದೇಳಲಿಲ್ಲ.

ಸಾಲಿನ ಕೊನೆ ಬಂತು. ಸತ್ತವರ ಹೆಸರಿನ ಜಾಗ. ಹಾಡಬೇಕಾದದ್ದು ಝೇಲಿಗ್ ಎಂದು. ಹೆತ್ತವರ ಹೆಸರು ಹಿಡಿದು ಮಕ್ಕಳು ಕರೆಯಬಾರದು, ನಮ್ಮಲ್ಲಿ ಹಾಗೆ. ಅಲ್ಲಿ ನಿಂತುಬಿಟ್ಟೆ. ಮುಮೆಯ ಬೆರಳು ಹೊದಿಕೆಯಿಂದ ಅರ್ಧ ಎದ್ದಿತ್ತು.

ಅಲ್ಲಿ "ಅಪ್ಪ" ಎಂದೆ.

ಮುಮೆ ಬೆರಳನ್ನು ಕೆಳಗಿಟ್ಟರು. ಮುಂದಿನ ಸಾಲು ಹೇಳು ಎಂದು ಕೈ ಬೀಸಿದರು.